ಭರಣಿಯೊಳಗಿನ ಹನ್ನೆರಡು ಜೋಡಿ

ಸವಣೂರಿನ ಸುಭಾಸ ಇಲ್ಲದ ಮಂದಿಯನ್ನು ಹುಟ್ಟಿಸುವ ಕೆಲಸ ಮಾಡುತ್ತಿದ್ದ. ಓಣಿಯಲ್ಲಿ ಯಾರೇ ಕೇಳಲಿ, ಅವನ ಅವ್ವ ಉಡಚವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಹೇಳುತ್ತಿದ್ದಳು: "ದಿನಾ ಹುಟ್ಟಸ್ತಾನ್ರೆವಾ. ಒಬ್ಬಂವನೂ ಉಣ್ಣಾಕ ಬರೂದಿಲ್ಲ, ಅದೊಂದು ಪುಣ್ಯೇವು." ಆ ಕೆಲಸವನ್ನು ಇಷ್ಟು ಸ್ಪಷ್ಟವಾಗಿ ವಿವರಿಸಲು ಸುಭಾಸನಿಗೂ ಎಂದೂ ಆಗಿರಲಿಲ್ಲ.

ವಿಷಯ ಇಷ್ಟೇ. ಯಾರಾದರೂ ಹೊಸ ವೆಬ್‌ಸೈಟು ಕಟ್ಟಿದರೆ ಮೊದಮೊದಲು ಅದರ ಹೊಟ್ಟೆ ಖಾಲಿ ಇರುತ್ತದೆ. ಹೆಸರಿಲ್ಲ, ಊರಿಲ್ಲ, ಮಂದಿಯಿಲ್ಲ. ಹುಡುಕುವ ಗುಂಡಿ ಒತ್ತಿದರೆ ಅದು ತಾನೇ ಯಾರನ್ನು ಹುಡುಕೀತು? ಆದ್ದರಿಂದ ಪರೀಕ್ಷೆಗೆಂದು ಒಂದಿಷ್ಟು ಸುಳ್ಳು ಹೆಸರು, ಸುಳ್ಳು ವಯಸ್ಸು, ಸುಳ್ಳು ಉದ್ಯೋಗ, ಸುಳ್ಳು ಗಂಡ ಹೆಂಡಿರನ್ನು ತುಂಬಿ ನೋಡುತ್ತಾರೆ. ಎಲ್ಲ ಸರಿ ನಡೆಯುತ್ತಿದೆ ಎಂದಾದ ಮೇಲೆ ಅವರನ್ನು ಗುಡಿಸಿ ಹೊರಗೆ ಹಾಕಿ ನಿಜವಾದ ಮಂದಿಯನ್ನು ಒಳಗೆ ಕರೆಯುತ್ತಾರೆ. ಆ ಸುಳ್ಳು ಮಂದಿಯನ್ನು ಒಂದೇ ಏಟಿಗೆ ತುಂಬಿಕೊಡುವ ಪ್ರೋಗ್ರಾಮೊಂದನ್ನು ಸುಭಾಸ ಬರೆದು, ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳುವಂತೆ ಇಂಟರ್‌ನೆಟ್ಟಿನಲ್ಲಿ ಇಟ್ಟಿದ್ದ. ಅದಕ್ಕೆ "ಭರಣಿ" ಎಂದು ಹೆಸರು. ಇಂಥವಕ್ಕೆ ಆ ಕಸುಬಿನವರು ಲೈಬ್ರರಿ ಎನ್ನುತ್ತಾರೆ. ಅದನ್ನು ಸಂಬಾಳಿಸುವವನಿಗೆ ಮೇಂಟೇನರ್ ಎನ್ನುತ್ತಾರೆ. ಸಂಬಾಳಿಸುವುದೆಂದರೆ, ಕಂಡು ಕೇಳರಿಯದವರು ಬರೆದು ಕಳಿಸುವ ದೂರುಗಳಿಗೆ ವಿನಯದಿಂದ ಉತ್ತರ ಬರೆಯುವುದು. ಶಾಲೆಗಳಿಗೆ, ಅಂಗಡಿಗಳಿಗೆ ವೆಬ್‌ಸೈಟು ಮಾಡಿಕೊಟ್ಟು ಸುಭಾಸ ಹೊಟ್ಟೆ ಹೊರೆಯುತ್ತಿದ್ದ. ಭರಣಿಯಿಂದ ಎದೆ ಉಬ್ಬಿಸುತ್ತಿದ್ದ. ಬಾಗಿಲಿಗೆ ಒಂದು ಬೋರ್ಡನ್ನೂ ತೂಗುಹಾಕಿದ್ದ: "ಸುಭಾಸ, ಮೇಂಟೇನರ್." ಅದನ್ನು ಓದಿ ಇಬ್ಬರು ಮೋಟಾರು ಪಂಪು ರಿಪೇರಿಗೆ ಹೊತ್ತುತಂದಿದ್ದರು. ಮೂರನೆಯವನು ಹಿಟ್ಟಿನ ಗಿರಣಿಯ ಬೆಲ್ಟು ತಂದ. ಆದರೂ ಬೋರ್ಡು ಇಳಿಯಲಿಲ್ಲ.

ಕನ್ಯಾ ನೋಡಲು ಹಿರೇಕೆರೂರಿಗೆ ಹೋದಾಗಲೂ ಅವನು ಈ ಬಿರುದನ್ನೇ ಮುಂದೆ ಮಾಡಿದ. ಹುಡುಗಿಯ ಅಪ್ಪ ಪರಮೇಶಪ್ಪ ಬಸ್ಸಿನ ಕಂಡಕ್ಟರಾಗಿ ನಿವೃತ್ತರಾದವರು. ಮೂವತ್ತೆರಡು ವರ್ಷ, ಟಿಕೀಟಿಲ್ಲದ ಒಂದು ಕೋಳಿಯನ್ನೂ ಅವರು ಬಸ್ಸಿನಲ್ಲಿ ಕೂರಗೊಟ್ಟವರಲ್ಲ.

"ಏನ ಮೇಂಟೇನ್ ಮಾಡ್ತೀರಿ?" ಎಂದು ಕೇಳಿದರು.

"ಭರಣಿ ಅಂತ ಐತ್ರಿ. ಅದರಾಗ ಮಂದಿ ಅದಾರ."

"ಎಷ್ಟು ಮಂದಿ?"

"ಬೇಕಾದಷ್ಟ್ರಿ. ಹತ್ತು ಸಾವಿರ ಅಂದ್ರ ಹತ್ತು ಸಾವಿರ."

"ಎಲ್ಲಿ ಇರ್ತಾರ?"

"ಎಲ್ಲೂ ಇರೂದಿಲ್ರಿ."

ಪರಮೇಶಪ್ಪ ಉಪ್ಪಿಟ್ಟಿನ ತಾಟನ್ನು ಕೆಳಗಿಟ್ಟರು. ಸೀಟಿನಲ್ಲಿ ಇಲ್ಲದ ಮಂದಿಗೆ ಟಿಕೀಟು ಹರಿಯುವುದನ್ನು ಅವರ ಇಲಾಖೆಯಲ್ಲಿ ಬೇರೆ ಹೆಸರಿನಿಂದ ಕರೆಯುತ್ತಿದ್ದರು, ಅದಕ್ಕೆ ಸಸ್ಪೆಂಡೂ ಮಾಡುತ್ತಿದ್ದರು. ಆದರೆ ಮಂಜುಳಾ, ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಅತಿಥಿ ಶಿಕ್ಷಕಿ, ಚಹಾದ ಕಪ್ಪು ಕೊಡುತ್ತ, "ಆ ಮಂದಿ ಹೆಸರು ಎಲ್ಲಿಂದ ತರ್ತೀರಿ?" ಎಂದು ಕೇಳಿದಳು.

"ನಮ್ಮ ಓಣಿಯಿಂದ್ರಿ."

ಅವಳು ನಕ್ಕುಬಿಟ್ಟಳು. ಮುಂದೆ ನಡೆದ ಅನಾಹುತಕ್ಕೆಲ್ಲ ಆ ನಗುವೇ ಕಾರಣ. ಮಾತುಕತೆ ಮುಗಿದು, ಮದುವೆ ನಿಶ್ಚಯವಾಗಿ, ಊರಿಗೆ ಮರಳಿದ ಸುಭಾಸ ಕೈಕಾಲು ತೊಳೆಯುವುದಕ್ಕೂ ಮೊದಲು ಭರಣಿಯ ಹೆಸರಿನ ಪಟ್ಟಿ ತೆರೆದ. ಅದರಲ್ಲಿ ಓಣಿಯವರೆಲ್ಲ ಇದ್ದರು: ಗೌಸಬಿ, ಇಸ್ಮಾಯಿಲಸಾಬ, ದುರಗವ್ವ, ಚನ್ನವೀರಪ್ಪ, ಕನಕಪ್ಪ. ಎಲ್ಲರದೂ ಬರಿಯ ಹೆಸರು. ಮಂಜುಳೆಯನ್ನು ಮಾತ್ರ ಹಾಗೆ ಬೋಳಾಗಿ ಬರೆಯಲು ಅವನಿಗೆ ಮನಸ್ಸಾಗಲಿಲ್ಲ. ಗೌರವದಿಂದ, ಅಪ್ಪನ ಹೆಸರು ಅಡ್ಡಹೆಸರು ಸಮೇತ, "ಮಂಜುಳಾ ಪರಮೇಶಪ್ಪ ಚಿಕ್ಕೇರೂರ" ಎಂದು ಸೇರಿಸಿದ. ಪ್ರೀತಿಯನ್ನು ಹೀಗೂ ತೋರಿಸುವ ಗಂಡಸರಿದ್ದಾರೆ.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು. ಭರಣಿ ಚೀಟಿ ಎತ್ತಿದಂತೆ ಹೆಸರು ಎತ್ತುತ್ತದೆ. ಒಂದು ಚೀಟಿಯಿಂದ ಗಂಡ, ಇನ್ನೊಂದರಿಂದ ಹೆಂಡತಿ, ಮತ್ತೊಂದರಿಂದ ವಯಸ್ಸು, ಉದ್ಯೋಗ. ಯಾವ ಚೀಟಿ ಯಾವಾಗ ಬರಬೇಕೆಂಬುದನ್ನು ಒಂದು ಅಂಕಿ ನಿರ್ಧರಿಸುತ್ತದೆ. ಆ ಅಂಕಿ ಬದಲಾಗದಿದ್ದರೆ ಯಾರು, ಯಾವ ಊರಿನಲ್ಲಿ, ಎಷ್ಟು ಸಲ ನಡೆಸಿದರೂ ಅವೇ ಜೋಡಿ, ಅದೇ ಕ್ರಮ. ಪರೀಕ್ಷೆಗೆ ಇದು ಬಲು ಅನುಕೂಲ. ಆ ಕಸುಬಿನಲ್ಲಿ ಇದನ್ನು ದೊಡ್ಡ ಗುಣವೆಂದೇ ಹೊಗಳುತ್ತಾರೆ. ಸುಭಾಸ ಆ ಅಂಕಿಯನ್ನು ಇಪ್ಪತ್ತೊಂದು ಎಂದು ಮಾಡಿದ. ಕನ್ಯಾ ನೋಡಿದ ತಾರೀಖು ಅದು.

ಇದೇ ಸುಮಾರಿಗೆ "ನಾಲ್ಕು ತಾಲೂಕಾ ಎಲೆಬಳ್ಳಿ ಬೆಳೆಗಾರರ ಸಂಘ"ಕ್ಕೆ ಒಂದು ವೆಬ್‌ಸೈಟಾಯಿತು. ಸಂಘದ ಅಧ್ಯಕ್ಷರು ಸುಭಾಸನ ಓಣಿಯ ಚನ್ನವೀರಪ್ಪನವರು. ಸವಣೂರಿನಲ್ಲಿ ಅವರು ಟೇಪು ಕತ್ತರಿಸದ ವಸ್ತು ಉಳಿದಿರಲಿಲ್ಲ. ನೀರು ಬರದ ಬೋರ್‌ವೆಲ್ಲು, ಬಸ್ಸು ನಿಲ್ಲದ ಬಸ್‌ಸ್ಟ್ಯಾಂಡು, ಎಲ್ಲವನ್ನೂ ಅವರು ಉದ್ಘಾಟಿಸಿದ್ದರು. ಕತ್ತರಿಯೊಂದು ಸದಾ ಅವರ ಅಂಗಿಯ ಕಿಸೆಯಲ್ಲಿಯೇ ಇರುತ್ತಿತ್ತು. ಲ್ಯಾಪ್‌ಟಾಪಿಗೂ ಕೆಂಪು ಟೇಪು ಸುತ್ತಿಸಿ, ಕತ್ತರಿಸಿ, ಮೈಕು ಹಿಡಿದು ಸಾರಿದರು: "ಮನಿಶ್ಯಾ ಸುಳ್ಳು ಹೇಳ್ತಾನ, ಮಷೀನು ಸುಳ್ಳು ಹೇಳೂದಿಲ್ಲ. ಸಂಘದ ವಾರ್ಷಿಕೋತ್ಸವಕ್ಕ ಹನ್ನೆರಡು ಆದರ್ಶ ದಂಪತಿಗೆ ಸನ್ಮಾನ ಐತಿ. ಯಾರಿಗೆ ಅಂತ ನಾ ಆರಿಸೂದಿಲ್ಲ. ಮಷೀನು ಆರಸ್ತೈತಿ. ಇಲ್ಲಿ ವಶೀಲಿ ನಡ್ಯೂದಿಲ್ಲ!"

ಚಪ್ಪಾಳೆ ಬಿತ್ತು. ವೆಬ್‌ಸೈಟು ಕಟ್ಟಿದ ಹುಬ್ಬಳ್ಳಿಯ ಕಂಪನಿಯವರು ಭರಣಿ ಇಳಿಸಿಕೊಂಡು, ಪರೀಕ್ಷೆ ಮಾಡಿ, ಆ ಮಂದಿಯನ್ನು ಗುಡಿಸಿ ಹಾಕದೆ ಹಾಗೆಯೇ ಬಿಟ್ಟುಹೋಗಿದ್ದರು. ಇದು ಅಧ್ಯಕ್ಷರಿಗೂ ಗೊತ್ತಿಲ್ಲ, ಕಾರ್ಯದರ್ಶಿ ಕನಕಪ್ಪನಿಗೂ ಗೊತ್ತಿಲ್ಲ. ನಿಜವಾದ ಸದಸ್ಯರ ಹೆಸರು ಇನ್ನೂ ದಪ್ಪ ರಿಜಿಸ್ಟರಿನಲ್ಲಿ ಧೂಳು ತಿನ್ನುತ್ತಿದ್ದವು. ಕನಕಪ್ಪ ಗುಂಡಿ ಒತ್ತಿದ. ಹನ್ನೆರಡು ಜೋಡಿ ಬಂದವು. ಬಂದದ್ದನ್ನು ಬಂದ ಹಾಗೆಯೇ ಆಮಂತ್ರಣಪತ್ರಿಕೆಯಲ್ಲಿ ಅಚ್ಚು ಹಾಕಿಸಿ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ನಾಲ್ಕೂ ಕಡೆ ಹಂಚಿದ. ಓದಿ ನೋಡುವುದು ಅವನ ಕೆಲಸಗಳ ಪಟ್ಟಿಯಲ್ಲಿ ಇರಲಿಲ್ಲ.

ಪತ್ರಿಕೆಯನ್ನು ಸುಭಾಸನ ಮನೆಗೆ ತಂದವಳು ಪಕ್ಕದ ಮನೆಯ ಗೌಸಬಿ. ಎಪ್ಪತ್ತರ ಹತ್ತಿರದ ಹೆಂಗಸು; ಗಂಡ ಇಸ್ಮಾಯಿಲಸಾಬನದು ಖಾರದ ಅಂಗಡಿ.

"ಉಡಚವ್ವಾ, ಹೊರಗ ಬಾ. ನಾ ವಿಮಾನ ಹೊಡ್ಯಾಕತ್ತೇನಿ!"

ಮೊದಲನೆಯ ಹೆಸರೇ ಅವರದು: "ಗೌಸಬಿ ಕೋಂ ಇಸ್ಮಾಯಿಲಸಾಬ, ವಯಸ್ಸು ಇಪ್ಪತ್ಮೂರು, ವಿಮಾನ ಚಾಲಕಿ." ಸುಭಾಸ ಇಣುಕಿ ನೋಡಿದ. ವಿಮಾನ ಚಾಲಕಿ, ಸರ್ಕಸ್ ಕಲಾವಿದ, ಹಲ್ಲಿನ ಡಾಕ್ಟರು, ಮುತ್ತಿನ ವ್ಯಾಪಾರಿ... ಎಲ್ಲ ಅವನೇ ಕೂತು ಬರೆದ ಉದ್ಯೋಗಗಳು. ಅವನ ಎದೆ ಉಬ್ಬಿತು. "ಅವ್ವಾ, ನಮ್ಮ ಭರಣಿ! ಸಂಘದಾಗ ನಮ್ಮ ಭರಣಿ ಹಾಕ್ಯಾರ!"

ಉಡಚವ್ವ ಹಿಟ್ಟಿನ ಕೈಯಲ್ಲೇ ಪತ್ರಿಕೆ ತಗೊಂಡು ಬೆರಳಿಟ್ಟು ಓದುತ್ತ ಕೆಳಗಿಳಿದಳು. ಏಳನೆಯ ಸಾಲಿಗೆ ಬೆರಳು ನಿಂತಿತು.

"ಯಪ್ಪಾ ಸುಭಾಸಾ, ನಮ್ಮ ಸೊಸಿ ಚನ್ನವೀರಪ್ಪನ ಹೇಣ್ತಿ ಯಾವಾಗ ಆದ್ಲೋ?"

"ಮಂಜುಳಾ ಪರಮೇಶಪ್ಪ ಚಿಕ್ಕೇರೂರ ಕೋಂ ಚನ್ನವೀರಪ್ಪ, ವಯಸ್ಸು ಅರವತ್ತಾರು, ಹಲ್ಲಿನ ಡಾಕ್ಟರು. ಪತಿಯ ವಯಸ್ಸು ಮೂವತ್ತೊಂದು, ಸರ್ಕಸ್ ಕಲಾವಿದ."

ಉಬ್ಬಿದ ಎದೆ ಅಲ್ಲಿಯೇ ಇಳಿಯಿತು.

ಅಷ್ಟರಲ್ಲಿ ಚನ್ನವೀರಪ್ಪನವರ ಮನೆಯಿಂದ ತಾಟು ಎಸೆದ ಸಪ್ಪಳ ಕೇಳಿಸಿತು. ಅವರ ಧರ್ಮಪತ್ನಿ ದುರಗವ್ವನಿಗೂ ಪತ್ರಿಕೆ ಮುಟ್ಟಿತ್ತು. ದುರಗವ್ವ ಅಳುವ ಜಾತಿಯಲ್ಲ. ಅಂದಿನಿಂದ ಗಂಡನಿಗೆ ಎಲ್ಲವನ್ನೂ ಅರ್ಧ ಬಡಿಸತೊಡಗಿದಳು. ಅರ್ಧ ರೊಟ್ಟಿ, ಅರ್ಧ ಸೌಟು ಪಲ್ಯ, ಅರ್ಧ ಕಪ್ಪು ಚಹಾ. "ಉಳಿದರ್ಧ ಹಿರೇಕೆರೂರಾಗ ಐತಿ. ಹೋಗಿ ಉಂಡ ಬಾ," ಎಂದಳು. ಸ್ನಾನಕ್ಕೆ ಅರ್ಧ ಬಕೆಟ್ಟು ನೀರು ಇಟ್ಟಳು. ಒಗೆದ ಧೋತರದ ಒಂದೇ ತುದಿಗೆ ಗಂಜಿ ಹಾಕಿದಳು.

ಸುಭಾಸ ಅಧ್ಯಕ್ಷರ ಬಳಿಗೆ ಓಡಿದ. "ಕಾಕಾ, ಇವೆಲ್ಲಾ ಸುಳ್ಳು ಮಂದಿರಿ. ನಾನ ಹುಟ್ಟಿಸಿದ್ದು. ತಗಸ್ರಿ."

"ಸುಳ್ಳು ಅಂದ್ರ?" ಚನ್ನವೀರಪ್ಪನವರು ಅರ್ಧ ಕಪ್ಪು ಚಹಾವನ್ನು ಘನತೆಯಿಂದ ಹೀರಿದರು. "ಗೌಸಬಿ ಗಂಡ ಯಾರು?"

"ಇಸ್ಮಾಯಿಲಸಾಬ್ರು."

"ಲಿಸ್ಟಿನ್ಯಾಗ ಯಾರಂತೈತಿ?"

"ಅವರ ರಿ. ಅದು ಅಕಸ್ಮಾತ್ ಕೂಡಿಬಂದದ್ದು. ಅಕಿಗೆ ಇಪ್ಪತ್ಮೂರು ವರ್ಷ ಅಂತ ಐತೆಲ್ರೀ?"

"ಅದು ಟೈಪಿಂಗ್ ಮಿಷ್ಟೀಕು. ಮುಖ್ಯ ಮಾತು ಸರಿ ಐತಿ."

"ಮತ್ತ ನಿಮಗ ಮೂವತ್ತೊಂದು ಅಂತ?"

ಅಧ್ಯಕ್ಷರು ಕಪ್ಪು ಇಟ್ಟು ಗೋಡೆಯ ಕನ್ನಡಿಯ ಕಡೆ ಮುಖ ತಿರುಗಿಸಿದರು. ಅರವತ್ತೊಂದರ ಮೀಸೆಗೆ ಕರಿ ಹಚ್ಚಿ ಹಚ್ಚಿ ಸೋತ ಮನುಷ್ಯನಿಗೆ ಸರಕಾರೇತರ ಯಂತ್ರವೊಂದು ತಾನಾಗಿ ಮೂವತ್ತು ವರ್ಷ ವಿನಾಯಿತಿ ಕೊಟ್ಟಿತ್ತು. ಅಂಥ ಯಂತ್ರವನ್ನು ಸುಳ್ಳುಗಾರನೆಂದು ಕರೆಯುವುದು ಹೇಗೆ? "ನನ್ನ ಕೈಲೆ ಉದ್ಘಾಟನಾ ಆದ ಮಷೀನು," ಎಂದರು. "ಏನಿದ್ದರೂ ಕಾರ್ಯದರ್ಶಿ ಕಡೆ ಹೋಗು."

ಕಾರ್ಯದರ್ಶಿ ಕನಕಪ್ಪ ಕಾನೂನು ಬಲ್ಲವನು. "ಹೆಸರು ತಗೀಬೇಕಾದ್ರ ಆ ಹೆಣಮಗಳು ಅರ್ಜಿ ಕೊಡ್ಬೇಕ್ರಿ," ಎಂದ. "ಜತಿಗೆ ಸೋಡಪತ್ರ."

"ಸೋಡಪತ್ರ ಯಾಕ್ರಿ? ಲಗ್ನಾನ ಆಗಿಲ್ಲಲಾ?"

"ಹಂಗಂದ್ರ ಲಗ್ನ ಆಗಿಲ್ಲ ಅಂತ ಚನ್ನವೀರಪ್ಪನವರ ಹೇಣ್ತಿ ಒಂದು ದೃಢೀಕರಣ ಬರ್ದು ಕೊಡ್ಲಿ."

"ಚನ್ನವೀರಪ್ಪನವರ ಹೇಣ್ತಿ ಅಂದ್ರ ದುರಗವ್ವಾರು."

ಕನಕಪ್ಪ ಪತ್ರಿಕೆಯನ್ನು ತೆರೆದು ಏಳನೆಯ ಸಾಲಿನ ಮೇಲೆ ಪೆನ್ನಿಟ್ಟ. "ನಮ್ಮ ದಾಖಲೆ ಪ್ರಕಾರ ಮಂಜುಳಾ. ಅವರ ಬರ್ದು ಕೊಡ್ಬೇಕು."

ಸುಭಾಸ ಹುಬ್ಬಳ್ಳಿಯ ಕಂಪನಿಗೆ ಫೋನು ಮಾಡಿದ. ಅಲ್ಲಿಯ ಹುಡುಗಿ ಬಹಳ ನಯವಾಗಿ, ಇದು ತಮ್ಮ ತಪ್ಪಲ್ಲ, ಭರಣಿ ಎಂಬ ಲೈಬ್ರರಿಯ ತಪ್ಪು, ಅದರ ಮೇಂಟೇನರಿಗೆ ದೂರು ಬರೆಯಿರಿ ಎಂದಳು. ತಾವೂ ಬರೆದಿದ್ದೇವೆ ಎಂದಳು. ಬರೆದೂ ಇದ್ದರು. ದೂರು ಸುಭಾಸನಿಗೇ ಬಂದಿತ್ತು. ಅವನು ವಿನಯದಿಂದ ಉತ್ತರ ಬರೆದ. ಆ ಉತ್ತರವನ್ನು ಮುದ್ರಿಸಿ, "ಇವು ಸುಳ್ಳು ಹೆಸರುಗಳು" ಎಂದು ಸಹಿ ಮಾಡಿ ಕನಕಪ್ಪನ ಮುಂದೆ ಇಟ್ಟ.

"ಸಹಿ ಯಾರದು?"

"ನಂದ ರಿ. ಮೇಂಟೇನರ್."

"ನೀವ ಆ ಹುಡುಗಿನ್ನ ಲಗ್ನ ಆಗಾವ್ರಲ್ಲಾ? ನಡ್ಯೂದಿಲ್ರಿ. ಹಿತಾಸಕ್ತಿ ಐತಿ ನಿಮಗ. ಹಿತಾಸಕ್ತಿ ಇಲ್ಲದ ಇನ್ನೊಬ್ಬ ಮೇಂಟೇನರ್ ಸಹಿ ತರ್ರಿ."

ಜಗತ್ತಿನಲ್ಲಿ ಭರಣಿಗೆ ಇನ್ನೊಬ್ಬ ಮೇಂಟೇನರ್ ಇರಲಿಲ್ಲ. ಮೇಂಟೇನರ್ ಎಂಬ ಹೆಮ್ಮೆಯನ್ನು ಬೋರ್ಡಿಗೆ ಹಾಕಿಸಿದ್ದಕ್ಕೆ ಈಗ ಅವನಿಗೆ ನಾಚಿಕೆಯಾಯಿತು.

ಉಳಿದ ಶಾಖೆಗಳಲ್ಲಾದರೂ ಪಟ್ಟಿ ಬೇರೆಯಿರಬಹುದು ಎಂದು ಅವನು ಬಸ್ಸು ಹತ್ತಿದ. ಇರಲಾರದೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಆದರೂ ಗಾಬರಿಯಾದ ಮನುಷ್ಯ ಬಸ್ಸು ಹತ್ತುತ್ತಾನೆ. ಶಿಗ್ಗಾಂವಿಯಲ್ಲಿ ಗುಂಡಿ ಒತ್ತಿದರು: ಏಳನೆಯ ಸಾಲು, ಮಂಜುಳಾ ಕೋಂ ಚನ್ನವೀರಪ್ಪ. ಹಾನಗಲ್ಲಿನಲ್ಲಿ ಒತ್ತಿದರು: ಮಂಜುಳಾ ಕೋಂ ಚನ್ನವೀರಪ್ಪ. ಹಾನಗಲ್ಲಿನ ಗುಮಾಸ್ತ ಅನುಕಂಪದಿಂದ ಕುರ್ಚಿ ಸರಿಸಿ ಕೂಡಿಸಿದ. "ಒಂದ ಊರಾಗಾದ್ರ ಚಾಡಿ ಅಂತ ತಿಳೀಬಹುದಿತ್ರಿ. ಮೂರೂ ಊರಾಗ ಒಂದ ಮಾತು ಬರಾಕತ್ತೈತಿ ಅಂದ್ರ... ಮನಸು ಗಟ್ಟಿ ಮಾಡ್ಕೋರಿ."

ಅಂಕಿ ಒಂದೇ ಆದ್ದರಿಂದ ಹಾಗೆ ಬರುತ್ತದೆ ಎಂದು ಸುಭಾಸ ಹೇಳಲು ಹೋದ. ಗುಮಾಸ್ತ ನೀರು ತರಿಸಿಕೊಟ್ಟ.

ಹಿರೇಕೆರೂರಿನಲ್ಲಿ ಬಸ್ಸು ನಿಂತಾಗ ಬಾಗಿಲ ಬುಡದಲ್ಲಿಯೇ ಪರಮೇಶಪ್ಪ ನಿಂತಿದ್ದರು. ಕೈಯಲ್ಲಿ ಆಮಂತ್ರಣಪತ್ರಿಕೆ.

"ಇಳೀರಿ," ಎಂದರು.

ಸುಭಾಸ ಇಳಿದ.

"ಒಂದ ಸೀಟಿಗೆ ಎರಡು ಟಿಕೀಟು ಹರದೀರಿ."

"ಮಾವಾರ, ಅದು ಖರೇ ಟಿಕೀಟಲ್ರಿ. ನಾನ ಆಕಿ ಹೆಸರು ಹಾಕಿದ್ದು. ಗೌರವಕ್ಕ ಹಾಕಿದ್ದು."

"ಗೌರವ! ನಮ್ಮ ಓಣ್ಯಾಗ ಮಂದಿ ಬಂದು ಹಲ್ಲು ತೋರಸಾಕತ್ತಾರ. ನನ್ನ ಮಗಳಿಗೆ ಅರವತ್ತಾರು ವರ್ಷ ಅಂತ. ನನಗ ಅರವತ್ತೆರಡು. ಆಕಿ ನನಗ ಅಕ್ಕ ಆದ್ಲು!" ಪರಮೇಶಪ್ಪ ಪತ್ರಿಕೆಯನ್ನು ಮಡಚಿ, ಹಳೆಯ ಅಭ್ಯಾಸದಂತೆ ಉಗುರಿನಿಂದ ಅಂಚಿಗೊಂದು ತೂತು ಮಾಡಿದರು. "ಕೇಳ್ರಿ. ಸನ್ಮಾನದ ದಿನ ನಾವು ಸವಣೂರಿಗೆ ಬರ್ತೇವಿ. ಅಷ್ಟು ಮಂದ್ಯಾಗ, ಆ ಅಧ್ಯಕ್ಷನ ಬಾಯಿಲೆ ಇದು ಸುಳ್ಳು ಅಂತ ಹೇಳಸ್ರಿ. ಹೇಳಿಸಿದ್ರ ನೀವು ಅಳಿಯ. ಇಲ್ಲಾಂದ್ರ ನಮ್ಮ ದಾರಿ ನಮಗ."

ಅವರ ಹಿಂದೆ ಮಂಜುಳಾ ನಿಂತಿದ್ದಳು. ಈ ಸಲ ಅವಳು ನಗಲಿಲ್ಲ. ಅವನನ್ನೊಮ್ಮೆ ನೋಡಿದಳು, ಉತ್ತರಪತ್ರಿಕೆಯಲ್ಲಿ ಲೆಕ್ಕವೆಲ್ಲ ಸರಿಯಿದ್ದು ಉತ್ತರ ಮಾತ್ರ ತಪ್ಪಿದಾಗ ಮೇಷ್ಟ್ರುಗಳು ನೋಡುವ ಹಾಗೆ.

ಸನ್ಮಾನದ ದಿನ ಬೆಳಗ್ಗೆ ಸಂಘದ ಸಭಾಭವನ ತುಂಬಿ ಬಾಗಿಲಾಚೆಗೂ ಮಂದಿ ನಿಂತಿದ್ದರು. ಯಲವಿಗಿಯಿಂದ ಬಂದಿದ್ದರು, ಹತ್ತಿಮತ್ತೂರಿನಿಂದ ಬಂದಿದ್ದರು, ಹಿರೇಬೆಂಡಿಗೇರಿಯಿಂದ ಒಂದು ಟ್ರ್ಯಾಕ್ಟರೇ ಬಂದಿತ್ತು. ಎಲೆ ಬೆಳೆಯ ಮೇಲಿನ ಪ್ರೀತಿಯಿಂದ ಬಂದವರು ಒಬ್ಬರೂ ಇರಲಿಲ್ಲ. ಎಲ್ಲರಿಗೂ ಅಧ್ಯಕ್ಷರ ಎರಡನೆಯ ಹೆಂಡತಿಯನ್ನು ನೋಡಬೇಕಿತ್ತು. ವೇದಿಕೆಯ ಮೇಲೆ ಹನ್ನೆರಡು ಜೋಡಿ ಕುರ್ಚಿ, ಪ್ರತಿ ಜೋಡಿಗೆ ಒಂದು ಸಂಖ್ಯೆ. ಒಂದನೆಯದರಲ್ಲಿ ಇಸ್ಮಾಯಿಲಸಾಬ ಮತ್ತು ಗೌಸಬಿ ಆಗಲೇ ವಿರಾಜಮಾನರಾಗಿದ್ದರು. ಗೌಸಬಿ ಕಣ್ಣಿಗೆ ಸುರಮಾ ಹಚ್ಚಿದ್ದಳು. ಏಳನೆಯದರಲ್ಲಿ, ಹೆಂಡತಿಯ ಕುರ್ಚಿಯ ಮೇಲೆ, ದುರಗವ್ವ ಎರಡೂ ಕೈ ಸೊಂಟದ ಮೇಲಿಟ್ಟುಕೊಂಡು ಕುಂತಿದ್ದಳು. ಉಳಿದ ಹತ್ತು ಜೋಡಿ ಖಾಲಿ. ಆ ಹತ್ತರ ಮಂದಿಯೆಲ್ಲ ಅದೇ ಭವನದಲ್ಲಿದ್ದರು. ಆದರೆ ತಮ್ಮ ತಮ್ಮ ನಿಜವಾದ ಹೆಂಡಿರ ಪಕ್ಕದಲ್ಲಿ, ನೆಲ ನೋಡುತ್ತ ಕುಂತಿದ್ದರು.

ಅಧ್ಯಕ್ಷರು ಮೈಕಿನ ಕಡೆ ನಡೆಯುವಷ್ಟರಲ್ಲಿ ಸುಭಾಸ ಲ್ಯಾಪ್‌ಟಾಪು ಬಗಲಲ್ಲಿ ಹಿಡಿದು ವೇದಿಕೆ ಏರಿದ. ಭಾಷಣಕ್ಕೆಂದು ಇಟ್ಟ ಪರದೆಗೆ ತಂತಿ ಜೋಡಿಸಿದ.

"ಹಿರ್ಯಾರ, ಒಂದ ನಿಮಿಷ. ಈ ಲಿಸ್ಟು ಮಾಡಿದ್ದು ನನ್ನ ಪ್ರೋಗ್ರಾಮು. ಇಲ್ಲಿ ಒಂದು ಅಂಕಿ ಐತಿ, ಇಪ್ಪತ್ತೊಂದು. ಇದನ್ನ ಇಪ್ಪತ್ತೆರಡು ಮಾಡ್ತೇನಿ. ಜೋಡಿ ಎಲ್ಲಾ ಬದಲಾಗ್ತಾವು. ನೋಡ್ರಿ. ಖರೇ ಮಂದಿ ಆಗಿದ್ರ ಹಿಂಗ ಬದಲಾಗ್ತಿದ್ರೇನು?"

ಒತ್ತಿದ. ಪರದೆಯ ಮೇಲೆ ಗೋಡೆಯಷ್ಟು ದೊಡ್ಡ ಅಕ್ಷರದಲ್ಲಿ ಮೂಡಿತು: "ಒಂದು: ಗೌಸಬಿ ಕೋಂ ಚನ್ನವೀರಪ್ಪ. ಎರಡು: ದುರಗವ್ವ ಕೋಂ ಕನಕಪ್ಪ."

ಇಡೀ ಭವನದ ಕತ್ತು ಒಮ್ಮೆಗೇ ಒಂದನೆಯ ಜೋಡಿ ಕುರ್ಚಿಯ ಕಡೆ ಹೊರಳಿತು.

"ನಲವತ್ತೆಂಟು ವರ್ಷದ ಸಂಸಾರೋ ಸುಭಾಸಾ!" ಇಸ್ಮಾಯಿಲಸಾಬ ಎದ್ದುನಿಂತ. "ಒಂದ ಗುಂಡಿಗೆ ಒಯ್ದೆಲ್ಲೋ!"

"ಕುಂದರ್ರಿ, ಕುಂದರ್ರಿ," ಎಂದಳು ಗೌಸಬಿ. "ವಿಮಾನ ನನ್ನ ಕಡೇನ ಐತಿ. ಎಲ್ಲಿ ಹೋಗ್ತೇನಿ?"

ಕನಕಪ್ಪ ಮೈಕಿನ ಸ್ಟ್ಯಾಂಡಿನ ಹಿಂದೆ ಅಡಗಲು ನೋಡಿದ. ಸ್ಟ್ಯಾಂಡು ಬಹಳ ತೆಳ್ಳಗಿತ್ತು. ದುರಗವ್ವ ಅವನ ಕಡೆ ಹೊರಳಿ ನೋಡಿದಳು, ಅಷ್ಟೇ. ಕಾರ್ಯದರ್ಶಿಯಾಗಿ ಅವನ ಹನ್ನೊಂದು ವರ್ಷದ ಸೇವೆಯೆಲ್ಲ ಅವನ ಕಣ್ಣ ಮುಂದೆ ಹಾದುಹೋಯಿತು.

"ಶಾಂತರಾಗ್ರಿ!" ಅಧ್ಯಕ್ಷರು ಕೂಗಿದರು. "ಇಪ್ಪತ್ತೆರಡು ತಪ್ಪು ಅಂಕಿ. ಉದ್ಘಾಟನಾ ಆದದ್ದು ಇಪ್ಪತ್ತೊಂದು. ಇಪ್ಪತ್ತೊಂದ ಖರೆ. ಸಭೆಯ ನಡಾವಳಿಯೊಳಗ ಮಂಜೂರಾಗೇತಿ!"

ಮೂರನೆಯ ಸಾಲಿನಲ್ಲಿ ಪರಮೇಶಪ್ಪ ಎದ್ದು ಹೆಗಲ ಮೇಲಿನ ಟಾವೆಲ್ಲು ಕೊಡವಿದರು. ಟಾವೆಲ್ಲು ಕೊಡವಿದರೆಂದರೆ ಹೊರಟರೆಂದೇ ಅರ್ಥ. ಆಗ ಅವರ ಪಕ್ಕದಲ್ಲಿದ್ದ ಮಂಜುಳಾ ಎದ್ದುನಿಂತಳು.

"ಅಪ್ಪಾ, ಕುಂದ್ರು ಸ್ವಲ್ಪ," ಎಂದು ಸುಭಾಸನ ಕಡೆ ತಿರುಗಿದಳು. "ನನಗೊಂದು ಹೇಳ್ರಿ. ಆ ಹೆಸರಿನ ಪಟ್ಟ್ಯಾಗ ನಿಮ್ಮ ಓಣಿಯವರೆಲ್ಲಾ ಅದಾರ?"

"ಅದಾರ್ರಿ."

"ನಾನೂ ಅದೇನಿ?"

"ಅದೀರ್ರಿ."

"ನೀವು?"

ಸುಭಾಸ ಲ್ಯಾಪ್‌ಟಾಪಿನ ಕಡೆ ನೋಡಿದ. "ಇಲ್ರಿ."

"ಯಾಕಿಲ್ಲ?"

"ನಾ ಮೇಂಟೇನರ್ ಅಲ್ಲೇನ್ರಿ... ನನ್ನ ಹೆಸರು ನಾನ ಹಾಕ್ಕೊಳ್ಳೂದು ಅಂದ್ರ... ಸಂಕೋಚ ಆತ್ರಿ."

"ನನ್ನ ಹೆಸರು ಹಾಕೂಮುಂದ ಸಂಕೋಚ ಆಗ್ಲಿಲ್ಲ," ಎಂದಳು ಮಂಜುಳಾ. ದನಿ ಏರಿಸಲಿಲ್ಲ, ತರಗತಿಯ ಹಿಂದಿನ ಬೆಂಚಿಗೆ ಕೇಳಿಸುವಷ್ಟಿತ್ತು. "ಅಂದ್ರ ನೀವು ಯಾವ ಅಂಕಿ ಹಾಕ್ರಿ, ಇಪ್ಪತ್ತೊಂದು ಹಾಕ್ರಿ, ಇಪ್ಪತ್ತೊಂದು ಲಕ್ಷ ಹಾಕ್ರಿ, ನಾ ಸವಣೂರಿನ ಗಂಡಸರಿಗೆಲ್ಲಾ ಪಾಳಿ ಪ್ರಕಾರ ಹೇಣ್ತಿ ಆಗ್ತ ಹೋಗ್ತೇನಿ. ನಿಮಗ ಒಬ್ಬರಿಗೆ ಮಾತ್ರ ಬರೂದಿಲ್ಲ. ಇದೇನ ನೀವು ಬರೆದ ಲೆಕ್ಕ?"

ಬಾಗಿಲ ಬಳಿ ಯಾರೋ ಸೀಟಿ ಹೊಡೆದರು. ಉಡಚವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸುಭಾಸ ಲ್ಯಾಪ್‌ಟಾಪಿನ ಮೇಲೆ ಬಗ್ಗಿ ಹೆಸರಿನ ಪಟ್ಟಿ ತೆರೆದ.

"ಹಾಕ್ರಿ ಈಗ."

ಎಲ್ಲರೆದುರು ಅವನು ಪಟ್ಟಿಯ ಕೊನೆಗೆ ತನ್ನ ಹೆಸರು ಬರೆದ.

"ಅಧ್ಯಕ್ಷರು ಇಪ್ಪತ್ತೊಂದ ಖರೆ ಅಂದಾರ," ಎಂದಳು ಮಂಜುಳಾ. "ಇಪ್ಪತ್ತೊಂದನ್ನ ಇಟ್ಟು ಒತ್ರಿ."

ಒಂದು ಹೆಸರು ಹೆಚ್ಚಾದರೆ ಚೀಟಿಗಳೆಲ್ಲ ಹೊಸದಾಗಿ ಕಲಸಿಹೋಗುತ್ತವೆ. ಇದು ಸುಭಾಸನಿಗೆ ಗೊತ್ತಿತ್ತು. ಗೊತ್ತಿದ್ದೂ ಅವನು ಕಣ್ಣುಮುಚ್ಚಿ, ಮನಸ್ಸಿನಲ್ಲಿ ಮನೆದೇವರಿಗೆ ಕಾಯಿ ಹರಕೆ ಹೊತ್ತು ಗುಂಡಿ ಒತ್ತಿದ. ಮಂದಿ ನಕ್ಕ ಸದ್ದಿಗೆ ಕಣ್ಣು ತೆರೆದ.

ಏಳನೆಯ ಸಾಲು: "ದುರಗವ್ವ ಕೋಂ ಸುಭಾಸ."

ಏಳನೆಯ ಕುರ್ಚಿಯಿಂದ ದುರಗವ್ವ ನಿಧಾನಕ್ಕೆ ಎದ್ದಳು. ಸುಭಾಸನನ್ನು ತಲೆಯಿಂದ ಕಾಲಿನ ತನಕ, ಸಂತೆಯಲ್ಲಿ ಬದನೆಕಾಯಿ ನೋಡುವ ಹಾಗೆ ನೋಡಿದಳು.

"ಆತು," ಎಂದಳು. "ನಡಿ ಮನಿಗೆ. ಭಾಂಡೆ ಬಿದ್ದಾವು, ತಿಕ್ಕು. ಆಮ್ಯಾಲೆ ಎಮ್ಮಿ ಮೈ ತೊಳಿ. ಇಂವನ ಕಡಿಂದ ಮೂವತ್ತಾರು ವರ್ಷ ಒಂದ ಕೆಲಸಾನೂ ಆಗಿಲ್ಲ."

ಭವನ ಹಾರಿಹೋಗುವಂತೆ ನಕ್ಕಿತು. ಟ್ರ್ಯಾಕ್ಟರಿನವರು ಕಿಟಕಿಯ ಸರಳು ಹಿಡಿದು ನಕ್ಕರು. ಸುಭಾಸ ಮಾತ್ರ ಮೂರನೆಯ ಸಾಲನ್ನೇ ನೋಡುತ್ತಿದ್ದ. ಪರಮೇಶಪ್ಪನವರ ಭುಜ ಮೊದಲು ಕುಣಿಯಿತು, ಆಮೇಲೆ ಹೊಟ್ಟೆ, ಕೊನೆಗೆ ಟಾವೆಲ್ಲಿನಿಂದ ಕಣ್ಣು ಒರೆಸಿಕೊಂಡರು. ಆದರೆ ಕೂರಲಿಲ್ಲ. ನಗು ಬೇರೆ, ಷರತ್ತು ಬೇರೆ.

"ಇನ್ನೂ ಅಧ್ಯಕ್ಷರು ಹೇಳಿಲ್ಲ," ಎಂದರು.

"ಹೇಳ್ತಾನ," ಎಂದಳು ದುರಗವ್ವ. ಮೈಕನ್ನು ಗಂಡನ ಬಾಯಿಗೆ ಹಿಡಿದಳು. "ಹೇಳು. ಲಿಸ್ಟು ಸುಳ್ಳು."

ಚನ್ನವೀರಪ್ಪನವರು ಮಂದಿಯ ಕಡೆ ನೋಡಿದರು, ಖಾಲಿ ಕುರ್ಚಿಗಳ ಕಡೆ ನೋಡಿದರು, ಕಿಸೆಯ ಕತ್ತರಿ ಮುಟ್ಟಿಕೊಂಡರು. ಐದು ದಿನದ ಅರ್ಧ ರೊಟ್ಟಿ ಹೊಟ್ಟೆಯಲ್ಲಿ ಮಾತಾಡಿತು.

"ಲಿಸ್ಟು... ಸುಳ್ಳು," ಎಂದರು.

"ಹಿರೇಕೆರೂರಿನ ಹುಡುಗಿ ನನಗ ಮಗಳ ಸಮಾನ," ಎಂದು ದುರಗವ್ವ ಹೇಳಿಕೊಟ್ಟಳು.

"ಮಗಳ ಸಮಾನ." ಇದು ಸಲೀಸಾಗಿ ಬಂತು.

"ನನಗ ಅರವತ್ತೊಂದು."

ಅಧ್ಯಕ್ಷರು ಮೀಸೆಯ ಮೇಲೆ ಕೈಯಿಟ್ಟರು. ಎರಡನೆಯ ಹೆಂಡತಿಯನ್ನು ಅವರು ಒಂದೇ ಉಸಿರಿಗೆ ಬಿಟ್ಟುಕೊಟ್ಟಿದ್ದರು. ಮೂವತ್ತು ವರ್ಷಗಳನ್ನು ಬಿಟ್ಟುಕೊಡಲು ಮನಸ್ಸು ಒಪ್ಪಲಿಲ್ಲ. ಮೈಕು ಗುಂಯ್ ಎಂದಿತು. ದುರಗವ್ವ ಅವರ ಕಿವಿಯಲ್ಲಿ ಏನೋ ಹೇಳಿದಳು. ಮುಂದಿನ ಸಾಲಿನವರಿಗೆ "ಕಾಲು ರೊಟ್ಟಿ" ಎಂದಷ್ಟೇ ಕೇಳಿಸಿತಂತೆ.

"ಅರವತ್ತೊಂದು!" ಎಂದರು ಅಧ್ಯಕ್ಷರು.

ಪರಮೇಶಪ್ಪ ಕಿಸೆಯಿಂದ ತೂತು ಬಿದ್ದ ಪತ್ರಿಕೆ ತೆಗೆದು ಎರಡು ತುಂಡು ಮಾಡಿದರು. "ಇಳೀರಿ ಅಳಿಯಂದ್ರ," ಎಂದರು. "ನಿಮ್ಮ ಸ್ಟಾಪು ಬಂತು."

ಹನ್ನೆರಡು ಜೋಡಿಗೆಂದು ತರಿಸಿದ ಇಪ್ಪತ್ತನಾಲ್ಕು ಶಾಲು, ಇಪ್ಪತ್ತನಾಲ್ಕು ಹಾರ ಮೇಜಿನ ಮೇಲೆ ಉಳಿದಿದ್ದವು. ಮಂಜೂರಾದ ಶಾಲನ್ನು ಹೊದಿಸದೆ ಬಿಡುವ ನಿಯಮ ಸಂಘದಲ್ಲಿ ಇರಲಿಲ್ಲ. ಆದ್ದರಿಂದ ಇಡೀ ಪಟ್ಟಿಯಲ್ಲಿ ನಿಜವಾಗಿದ್ದ ಒಂದೇ ಜೋಡಿಗೆ ಅಷ್ಟನ್ನೂ ಹೊದಿಸಲಾಯಿತು. ಹತ್ತನೆಯ ಶಾಲಿನ ಹೊತ್ತಿಗೆ ಇಸ್ಮಾಯಿಲಸಾಬ ಕಾಣದಾದ. ಒಳಗಿನಿಂದ, "ಬಸ್ ಮಾಡ್ರಪಾ, ಸೆಕಿ ಆಗಾಕತ್ತೈತಿ," ಎಂಬ ದನಿ ಮಾತ್ರ ಬರುತ್ತಿತ್ತು. ಗೌಸಬಿ ಹನ್ನೆರಡನ್ನೂ ತಾಳಿಕೊಂಡಳು. ಮೇಲೆ ಚಳಿಯಿರುತ್ತದೆ ಎಂದಳು.

ಮುಂದಿನ ತಿಂಗಳು ಮದುವೆಯಾಯಿತು. ನೋಂದಣಿ ಕಚೇರಿಗೆ ಹೋದಾಗ ಸಾಕ್ಷಿಯಾಗಿ ಬಂದ ಗೌಸಬಿಯನ್ನು ಗುಮಾಸ್ತ "ಉದ್ಯೋಗ?" ಎಂದು ಕೇಳಿದ. ಅವಳು ಶಾಲು ಸರಿಮಾಡಿಕೊಂಡು ಉತ್ತರ ಕೊಡುವಷ್ಟರಲ್ಲಿ, "ಚಾಚಿ, ಮನಿಕೆಲಸ ಅಂತ ಬರಸ್ರಿ," ಎಂದಳು ಮಂಜುಳಾ. ಆಮೇಲೆ ಗುಮಾಸ್ತ ಕಂಪ್ಯೂಟರಿನ ಕಡೆ ತಿರುಗಿ, ಗಂಡನ ಹೆಸರಿನ ಅಂಕಣಕ್ಕೆ ಬಂದು, ಗುಂಡಿಯ ಮೇಲೆ ಬೆರಳಿಟ್ಟ.

"ತಡೀರಿ," ಎಂದು ಸುಭಾಸ ಲ್ಯಾಪ್‌ಟಾಪಿನ ಚೀಲಕ್ಕೆ ಕೈಹಾಕಿದ. "ಈ ಸಾಫ್ಟ್‌ವೇರಿನೊಳಗ ಏನರ ಹಳೇ ಮಂದಿ ಉಳಿದಾರೋ ಅಂತ ನಾ ಒಂದ್ಸಲ ನೋಡ್ತೇನಿ."

ಮಂಜುಳಾ ಚೀಲದ ಜಿಪ್ಪು ಎಳೆದು ಮುಚ್ಚಿ, ಜೊತೆಗೆ ಬಂದಿದ್ದ ಉಡಚವ್ವನ ಕೈಗೆ ಕೊಟ್ಟಳು. ಗುಮಾಸ್ತನಿಂದ ಪೆನ್ನು ತಗೊಂಡು, ಅವನ ದಪ್ಪ ರಿಜಿಸ್ಟರನ್ನು ತನ್ನ ಕಡೆ ತಿರುಗಿಸಿಕೊಂಡು, ತಾನೇ ಬರೆದಳು: ಮಂಜುಳಾ ಕೋಂ ಸುಭಾಸ. ಕೆಳಗೆ ಎರಡು ಗೆರೆ ಎಳೆದಳು, ಬ್ಲಾಟಿಂಗ್ ಕಾಗದ ಒತ್ತಿದಳು.

"ಇನ್ನ ಇದನ್ನ ಮೇಂಟೇನ್ ಮಾಡ್ರಿ," ಎಂದಳು.